ಬಾಲ ಎತ್ತಿದ ಆನೆ

ಹಳೆಯ ವಿದ್ಯಾರ್ಥಿಗಳು ದೂರವಾಣಿ ಮಾಡಿದಾಗ ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಒಂದು ಮಾತನ್ನು ತಪ್ಪದೆ ಕೇಳುತ್ತಾರೆ: "ಸಾರ್, ನಿಮ್ಮ ಆ ನಾಣ್ಯದ ಡಬ್ಬಿ ಇನ್ನೂ ಐತೇನ್ರಿ?"

ಇದೆ. ಮುಚ್ಚಳದ ಬಣ್ಣ ಹಾರಿದ ಅದೇ ಬಿಸ್ಕತ್ತಿನ ಡಬ್ಬಿ. ಒಳಗೆ ಅದೇ ಹತ್ತಿಬಟ್ಟೆಯ ಸಣ್ಣ ಚೀಲಗಳು. ಸಮಾಜ ವಿಜ್ಞಾನದ ತರಗತಿಯಲ್ಲಿ ಮೈಸೂರು ಯುದ್ಧಗಳ ಪಾಠ ಬಂದಾಗಲೆಲ್ಲ ಅದನ್ನು ಶಾಲೆಗೆ ಹೊತ್ತು ತರುತ್ತಿದ್ದೆ. ಯುದ್ಧಗಳ ಇಸವಿಗಳನ್ನು ನೀವು ಮರೆತಿರಬಹುದು, ಡಬ್ಬಿಯನ್ನು ಮರೆತಿಲ್ಲವೆಂಬುದೇ ನನಗೆ ಸಂತೋಷ. ಆದರೆ ಆ ಡಬ್ಬಿಯ ವಿಷಯದಲ್ಲಿ ನನ್ನಿಂದ ಒಂದು ತಪ್ಪು ನಡೆದಿದೆ. ಅದು ತಪ್ಪೆಂದು ನನಗೆ ತಿಳಿದದ್ದು ಇಪ್ಪತ್ತೇಳು ವರ್ಷಗಳು ಕಳೆದ ಮೇಲೆ. ಅದನ್ನು ಬರೆದಿಡಬೇಕೆಂದು ಇಂದು ಕುಳಿತಿದ್ದೇನೆ.

ಈ ಹವ್ಯಾಸ ಆರಂಭವಾದದ್ದು ನನ್ನ ಅಜ್ಜಿಯ ಎಲೆಯಡಿಕೆ ಚಂಚಿಯಿಂದ. ಅದರ ಒಂದು ಜೇಬಿನಲ್ಲಿ ಚಲಾವಣೆ ನಿಂತುಹೋದ ದುಡ್ಡುಗಳಿದ್ದವು. 1943ರಿಂದ ಕೆಲವು ವರ್ಷ ಬಂದ ತೂತಿನ ಕಾಸುಗಳನ್ನು ಆಕೆ ಎಳೆಯ ಮಕ್ಕಳ ಉಡಿದಾರಕ್ಕೆ ಕಟ್ಟಲೆಂದು ಇಟ್ಟುಕೊಂಡಿದ್ದಳು. ಅವುಗಳ ನಡುವೆ ಕಪ್ಪಗಿನ, ದಪ್ಪನೆಯ ತಾಮ್ರದ ಬಿಲ್ಲೆಯೊಂದಿತ್ತು. ಅದರ ಮೇಲೆ ಆನೆ. ಅಜ್ಜಿ ಅದನ್ನು 'ಆನೆ ದುಡ್ಡು' ಎನ್ನುತ್ತಿದ್ದಳು. ಒಂದು ದೀಪಾವಳಿಗೆ ನಾನು ಅದನ್ನು ಹುಣಸೆಹುಳಿ, ಉಪ್ಪು ಹಾಕಿ ದೇವರ ತಂಬಿಗೆಯ ಜೊತೆ ಚೆನ್ನಾಗಿ ಉಜ್ಜಿ ಬೆಳಗಿದೆ. ಆನೆ ಹೊಸ ಚೊಂಬಿನಂತೆ ಹೊಳೆಯಿತು. ಅಜ್ಜಿ ಮೆಚ್ಚಿ ಅದನ್ನು ನನಗೇ ಕೊಟ್ಟುಬಿಟ್ಟಳು. ಅಂಚಿನ ಸುತ್ತ ಇದ್ದ ಚುಕ್ಕಿಗಳ ಬಳೆ ಅಂದು ಅರ್ಧ ಸವೆದುಹೋಯಿತೆಂಬುದು ಎಷ್ಟೋ ವರ್ಷಗಳ ನಂತರ ತಿಳಿಯಿತು. ನನ್ನ ಸಂಗ್ರಹದ ಮೊದಲ ನಾಣ್ಯ ಅದು; ನಾನು ಕೆಡಿಸಿದ ಮೊದಲ ನಾಣ್ಯವೂ ಅದೇ.

ನಮ್ಮ ಸೀಮೆಯಲ್ಲಿ ಆನೆಯ ದುಡ್ಡು ಸಿಗುವುದರಲ್ಲಿ ಆಶ್ಚರ್ಯವಿಲ್ಲ. ಹೈದರಾಲಿ ತನ್ನ ಕೊನೆಯ ವರ್ಷಗಳಲ್ಲಿ ತಾಮ್ರದ ನಾಣ್ಯದ ಮೇಲೆ ಆನೆಯನ್ನು ಅಚ್ಚೊತ್ತಿಸಿದ. ಟಿಪ್ಪು ಸುಲ್ತಾನ ಅದನ್ನೇ ಮುಂದುವರಿಸಿದ. ಬಳ್ಳಾರಿ ಸೀಮೆ ಅವರ ಕೈಯಲ್ಲಿತ್ತು. 1792 ಮತ್ತು 1799ರ ಒಪ್ಪಂದಗಳಲ್ಲಿ ಈ ಪ್ರದೇಶ ಹಂತಹಂತವಾಗಿ ನಿಜಾಮನ ಪಾಲಾಗಿ, 1800ರಲ್ಲಿ ಇಂಗ್ಲಿಷರ ಕಂಪನಿಗೆ ಸೇರಿತು. ದತ್ತ ಮಂಡಲವೆಂಬ ಹೆಸರು ಬಂದದ್ದು ಹಾಗೆ. ದರೋಜಿಯ ಕೆರೆಯನ್ನೂ ಟಿಪ್ಪುವಿನ ಕಾಲದ್ದೆಂದು ಊರಿನ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಅಧಿಕಾರ ಕೈ ಬದಲಾದರೂ ದುಡ್ಡು ಸಂತೆಯಲ್ಲಿ ಓಡಾಡುತ್ತಲೇ ಇತ್ತು. ಕೈಜಾರಿ ಬಿದ್ದದ್ದು ಮಣ್ಣಿನಲ್ಲಿ ಉಳಿಯಿತು.

ಆನೆ ಇಲ್ಲಿಗೆ ಹೊಸದೂ ಅಲ್ಲ. ಹೈದರಾಲಿಗಿಂತ ಮುನ್ನೂರು ವರ್ಷಗಳಿಗೂ ಮೊದಲು, ಇಲ್ಲಿಂದ ಕೂಗಳತೆಯೆನ್ನಬಹುದಾದ ಹಂಪಿಯಲ್ಲಿ, ಎರಡನೆಯ ದೇವರಾಯನ ತಾಮ್ರದ ನಾಣ್ಯಗಳ ಮೇಲೂ ಆನೆಯಿತ್ತು. ಆ ಅರಸನ ಕಾಲದಲ್ಲಿ, 1443ರಲ್ಲಿ, ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿನ ಟಂಕಸಾಲೆಯ ವಿಷಯ ಬರೆದಿದ್ದಾನೆ. ಚಿನ್ನದ ವರಾಹ, ಪ್ರತಾಪ, ಹಣ, ಬೆಳ್ಳಿಯ ತಾರ, ತಾಮ್ರದ ಜಿತಲ. ಮೂರು ಜಿತಲಕ್ಕೆ ಒಂದು ತಾರ ಎಂಬ ಲೆಕ್ಕವನ್ನೂ ಕೊಟ್ಟಿದ್ದಾನೆ. ಟಿಪ್ಪುವಿನ ಪತನದ ನಂತರವೂ ಆನೆ ಉಳಿಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಲ್ಲಿ ಅದರ ನೆತ್ತಿಯ ಮೇಲೆ ಸೂರ್ಯ ಚಂದ್ರರು ಬಂದರು, ಕನ್ನಡದ 'ಶ್ರೀ' ಬಂತು. ಮುಂದೆ ಆನೆಯ ಜಾಗವನ್ನು ಸಿಂಹ ಆಕ್ರಮಿಸಿತು. 1843ರಲ್ಲಿ ಬೆಂಗಳೂರಿನ ಟಂಕಸಾಲೆ ಮುಚ್ಚಿದಾಗ ಆ ಕಥೆ ಮುಗಿಯಿತು.

ನಾನು ಬಿ.ಎಡ್. ಮುಗಿಸಿ ಮೇಷ್ಟ್ರಾದ ಮೇಲೆ ಹಳ್ಳಿಗಳಲ್ಲಿ, ಸಂತೆಗಳಲ್ಲಿ, ಕಂಚುಗಾರರ ಅಂಗಡಿಗಳಲ್ಲಿ ಆನೆ ದುಡ್ಡುಗಳನ್ನು ಹುಡುಕತೊಡಗಿದೆ. ಏಳು ಸಿಕ್ಕವು. ಆದರೆ ಅವುಗಳ ಮೇಲಿನ ಪಾರಸಿ ಬರಹ ನನಗೆ ಓದಲು ಬಾರದು. ನೆರೆಯ ಉರ್ದು ಶಾಲೆಯಲ್ಲಿ ಹಿರಿಯ ಮೇಷ್ಟ್ರೊಬ್ಬರಿದ್ದರು. ಒಂದು ಭಾನುವಾರ ಅವರ ಮನೆಯ ಜಗಲಿಯಲ್ಲಿ ಡಬ್ಬಿ ಬಿಚ್ಚಿದೆ. ಅವರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು: "ಜೊಹ್ರಾ... ಜರ್ಬ್... ಪಟನ್." ಪಟನ್ ಎಂದರೆ ಶ್ರೀರಂಗಪಟ್ಟಣ, ಜರ್ಬ್ ಎಂದರೆ ಅಚ್ಚೊತ್ತಿದ್ದು. "ಜೊಹ್ರಾ ಯಾರು, ಮೇಷ್ಟ್ರೇ?" ಎಂದೆ. ಅವರು ನಕ್ಕು ಮೇಲೆ ಕೈ ತೋರಿಸಿದರು. "ಸಂಜೆ ನೋಡ್ತೀರಲ್ಲಾ, ಬೆಳ್ಳಿಚುಕ್ಕಿ. ನಿಮ್ಮ ಶುಕ್ರ."

ಟಿಪ್ಪು ತನ್ನ ತಾಮ್ರದ ನಾಣ್ಯಗಳಿಗೆ ಆಕಾಶದ ಹೆಸರುಗಳನ್ನಿಟ್ಟಿದ್ದ. ಎರಡು ಪೈಸೆಯದು ಮುಷ್ತರಿ, ಅಂದರೆ ಗುರು; ಪೈಸೆ ಜೊಹ್ರಾ, ಶುಕ್ರ; ಅರ್ಧ ಪೈಸೆ ಬಹರಾಮ್, ಮಂಗಳ; ಕಾಲು ಪೈಸೆ ಅಖ್ತರ್, ನಕ್ಷತ್ರ; ಅದರ ಅರ್ಧ ಕುತ್ಬ್, ಧ್ರುವ. ತನ್ನ ಹೆಸರನ್ನು ಮಾತ್ರ ಅವನು ನಾಣ್ಯದ ಮೇಲೆ ಹಾಕಿಸಲಿಲ್ಲ. ಸಂತೆಗೆ ಹೋಗುವ ಹೆಣ್ಣುಮಗಳ ಸೆರಗಿನ ಗಂಟಿನಲ್ಲಿ ಗುರು, ಶುಕ್ರ, ಮಂಗಳರು ಇರುತ್ತಿದ್ದರೆಂದು ತರಗತಿಯಲ್ಲಿ ಹೇಳಿದಾಗ ನೀವೆಲ್ಲ ನಕ್ಕದ್ದು ನೆನಪಿದೆ.

ಇಸವಿಯ ವಿಷಯದಲ್ಲಿ ನಾನು ಹಾಸ್ಯಾಸ್ಪದನಾದೆ. ಒಂದು ನಾಣ್ಯದ ಮೇಲಿನ ಅಂಕಿಗಳನ್ನು ಪಟ್ಟಿ ನೋಡಿ ಕಲಿತು ಎಡದಿಂದ ಬಲಕ್ಕೆ 2221 ಎಂದು ಓದಿ, ಇದೆಂತಹ ಶಕೆಯೆಂದು ತಲೆ ಕೆಡಿಸಿಕೊಂಡಿದ್ದೆ. ಟಿಪ್ಪು ಮೊದಲು ಹಿಜರಿ ಶಕೆಯನ್ನೇ ಬಳಸುತ್ತಿದ್ದ. 1787ರಲ್ಲಿ ಮೌಲೂದಿ ಎಂಬ ಹೊಸ ಎಣಿಕೆಯನ್ನು ತಂದು, ಆ ವರ್ಷವನ್ನು 1215 ಎಂದು ಕರೆದ. ಅಲ್ಲಿಂದ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಹೀಗಾಗಿ ನನ್ನ 2221 ನಿಜವಾಗಿ 1222, ಅಂದರೆ ಕ್ರಿ.ಶ. 1794-95. ಉರ್ದು ಮೇಷ್ಟ್ರು ಇದನ್ನು ಬಿಡಿಸಿ ಹೇಳಿದಾಗ ನನಗಾದ ಆನಂದ ಇಷ್ಟಿಷ್ಟಲ್ಲ. ಅಂದಿನಿಂದ ನಾನು ನಾಣ್ಯಗಳನ್ನು ಬಲ್ಲವನೆಂದು ನನ್ನನ್ನು ನಾನೇ ನಂಬಿಕೊಂಡೆ.

ಇನ್ನು 1995ರ ಮಾತು. ಆ ವರ್ಷ ಕೆರೆಯ ನೀರು ಬಹಳ ಹಿಂದಕ್ಕೆ ಸರಿದಿತ್ತು. ಒಂಬತ್ತನೆಯ ತರಗತಿಯಲ್ಲಿ ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಚಿತ್ರ ತೆಗೆಯುವ ಚಟುವಟಿಕೆ ಮಾಡಿಸುತ್ತಿದ್ದೆ. ಏಳು ನಾಣ್ಯ, ಐವತ್ತಕ್ಕೂ ಹೆಚ್ಚು ಮಕ್ಕಳು. ಹಿಂದಿನ ಬೆಂಚಿನ ಹುಡುಗನೊಬ್ಬ ತನ್ನ ಸರದಿಗೆ ಕಾಯದೆ ಚಿತ್ರ ಮುಗಿಸಿ, ಕಾಗದವನ್ನು ಉಳಿದವರ ಕಾಗದಗಳ ಜೊತೆ ಇಟ್ಟು, ಮುಷ್ಟಿ ಬಿಚ್ಚಿ ತೋರಿಸಿದ.

"ಸಾರ್, ಕೆರಿ ಅಂಗಳದಾಗ ಸಿಕ್ತ್ರಿ. ಆನಿ ಐತಿ ನೋಡ್ರಿ."

ನಾನು ಒಮ್ಮೆ ಕಣ್ಣು ಹಾಯಿಸಿದೆ. "ಇಂಥವು ನನ್ನ ಹತ್ತಿರ ಏಳಿವೆಯಪ್ಪಾ. ನೀನೇ ಇಟ್ಟುಕೋ."

"ಇಲ್ರಿ ಸಾರ್, ಇದು ಬ್ಯಾರೆ ಐತ್ರಿ. ಇದರ ಬಾಲ ಮ್ಯಾಲೈತಿ."

"ಎಲ್ಲಾ ಒಂದೇ. ಹೋಗಿ ಕೂತ್ಕೋ."

ಅವನು ಹೋಗಿ ಕುಳಿತ. ಗದರಿಸಲಿಲ್ಲ, ಹೊಡೆಯಲಿಲ್ಲ, ಆದ್ದರಿಂದ ಆ ಘಟನೆ ನನ್ನ ನೆನಪಿನಲ್ಲಿ ಉಳಿಯುವ ಕಾರಣವೂ ಇರಲಿಲ್ಲ. ಆ ದಿನಗಳಲ್ಲಿ ನಾವು ಶಿಕ್ಷಕರು ಎಸ್.ಎಸ್.ಎಲ್.ಸಿ. ಫಲಿತಾಂಶವನ್ನು ಮನಸ್ಸಿನಲ್ಲಿಟ್ಟುಕೊಂಡು ಒಂಬತ್ತನೆಯ ತರಗತಿಯಲ್ಲಿಯೇ ಮಕ್ಕಳನ್ನು ಮೂರು ಗುಂಪು ಮಾಡಿಬಿಡುತ್ತಿದ್ದೆವು: ಪಾಸಾಗುವವರು, ಅಂಚಿನಲ್ಲಿರುವವರು, ಆಗದವರು. ಸುಗ್ಗಿಯ ಕಾಲದಲ್ಲಿ ಕೂಲಿಗೆ ಹೋಗಿ ತಿಂಗಳುಗಟ್ಟಲೆ ಶಾಲೆ ತಪ್ಪಿಸುತ್ತಿದ್ದ ಈ ಹುಡುಗ ನನ್ನ ಪಟ್ಟಿಯಲ್ಲಿ ಮೂರನೆಯ ಗುಂಪಿನವನು. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೆ ಕೆಂಪು ಗೆರೆ ಎಳೆದವನೂ ನಾನೇ.

ನಿವೃತ್ತಿಯ ನಂತರ ಈ ಹವ್ಯಾಸಕ್ಕೆ ಮತ್ತೆ ಸಮಯ ಸಿಕ್ಕಿತು. ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಹೆಂಡರ್ಸನ್ ಎಂಬುವರು ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ 1921ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಆಗ ಓದಿದೆ. ಶ್ರೀರಂಗಪಟ್ಟಣವಲ್ಲದೆ ನಗರ, ಬೆಂಗಳೂರು, ಚಿತ್ರದುರ್ಗ, ಗುತ್ತಿ, ಧಾರವಾಡ ಮೊದಲಾದ ಕಡೆಗಳಲ್ಲಿ ಟಂಕಸಾಲೆಗಳಿದ್ದುದನ್ನೂ, ಹಲವು ಊರುಗಳಿಗೆ ಟಿಪ್ಪು ಹೊಸ ಹೆಸರಿಟ್ಟು ಅವುಗಳನ್ನೇ ನಾಣ್ಯದ ಮೇಲೆ ಹಾಕಿಸಿದ್ದನ್ನೂ ತಿಳಿದೆ. ನಮಗೆ ಹತ್ತಿರದ ಗುತ್ತಿಯ ಹೆಸರು ಫೈಜ್ ಹಿಸಾರ್. ಚಿತ್ರದುರ್ಗದ್ದು ಫರುಖಯಾಬ್ ಹಿಸಾರ್.

2022ರಲ್ಲಿ ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಬಂದಾಗ ನನ್ನನ್ನು ನೋಡಲು ಬಂದಿದ್ದ. ಡಬ್ಬಿ ಹೊರಬಂತು. ಅವನು ತನ್ನ ಮೊಬೈಲಿನಲ್ಲಿ ಅಲ್ಲಿಯ ಹಳೆಯ ತಾಮ್ರದ ಸೆಂಟ್ ನಾಣ್ಯದ ಚಿತ್ರ ತೋರಿಸಿದ. ಫಿಲಡೆಲ್ಫಿಯಾದ ಟಂಕಸಾಲೆ ಸ್ಥಾಪನೆಯಾದದ್ದು 1792ರಲ್ಲಿ; ಸೆಂಟ್ ಹೊರಬಂದದ್ದು 1793ರಲ್ಲಿ. 1795ರ ಕೊನೆಯಲ್ಲಿ ತೂಕ ತಗ್ಗಿಸಿದ ಮೇಲೆ ಅದು ಹತ್ತಿರ ಹತ್ತಿರ 11 ಗ್ರಾಂ. ನಮ್ಮ ಟಿಪ್ಪುವಿನ ಪೈಸೆಯೂ ಸುಮಾರು ಅಷ್ಟೇ. ನನ್ನ 1222ರ ಜೊಹ್ರಾ ಶ್ರೀರಂಗಪಟ್ಟಣದಲ್ಲಿ ಸುತ್ತಿಗೆಯ ಪೆಟ್ಟು ತಿನ್ನುತ್ತಿದ್ದ ಕಾಲದಲ್ಲಿ ಭೂಮಿಯ ಆ ಮಗ್ಗುಲಲ್ಲಿ ಅದರ ಓರಗೆಯ ಸೆಂಟುಗಳು ಹುಟ್ಟುತ್ತಿದ್ದವು.

"ಇವುಗಳನ್ನು ಅಲ್ಲಿ ಇಸವಿ ನೋಡಿ ಕೂಡಿಸಿದರೆ ಸಾಲದು ಸಾರ್, ಅಚ್ಚು ನೋಡಿ ಕೂಡಿಸುತ್ತಾರೆ" ಎಂದ ಅವನು. ಎಡ್ವರ್ಡ್ ಮಾರಿಸ್ ಎಂಬ ವೈದ್ಯ 1869ರಷ್ಟು ಹಿಂದೆಯೇ 1794ರ ಸೆಂಟುಗಳನ್ನು ಮಾತ್ರ ತೆಗೆದುಕೊಂಡು, ಅಚ್ಚಿನಿಂದ ಅಚ್ಚಿಗೆ ಮುಖ ಹೇಗೆ ಬೇರೆಯಾಗುತ್ತದೆಂದು ಪುಸ್ತಕ ಬರೆದ. ಒಂದೊಂದು ಅಚ್ಚಿಗೂ ಹೆಸರಿಟ್ಟ. ಒಂದರ ಹೆಸರು 'ವೀನಸ್ ಮರೀನಾ'. ವೀನಸ್ ಎಂದರೂ ಶುಕ್ರನೇ! ಉರ್ದು ಮೇಷ್ಟ್ರು ಇದ್ದಿದ್ದರೆ ಎಷ್ಟು ನಗುತ್ತಿದ್ದರೋ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬಾತ 1793ರಿಂದ 1814ರವರೆಗಿನ ಸೆಂಟುಗಳನ್ನು ಅಚ್ಚಿನ ಪ್ರಕಾರ ವಿಂಗಡಿಸಿ ಸಂಖ್ಯೆ ಕೊಟ್ಟ. ಆ ಪಟ್ಟಿ 295ರವರೆಗೆ ಹೋಗುತ್ತದೆ. 1967ರಿಂದ ಅಲ್ಲಿ ಇದಕ್ಕೆಂದೇ ಒಂದು ಸಂಘವಿದೆ.

ಈ ಶೆಲ್ಡನ್ ವೃತ್ತಿಯಿಂದ ಮನಶ್ಶಾಸ್ತ್ರಜ್ಞ. ಬಿ.ಎಡ್. ಓದಿದವರಿಗೆ ಆತನ ಹೆಸರು ಹೊಸದಲ್ಲ. ಮನುಷ್ಯರ ದೇಹವನ್ನು ಮೂರು ಮಾದರಿಗಳ ಅಳತೆಗೋಲಿನಿಂದ ಅಳೆದು, ಅದರಿಂದ ಸ್ವಭಾವವನ್ನು ಹೇಳಬಹುದೆಂದವನು ಅವನೇ. ಪರೀಕ್ಷೆಗೆಂದು ನಾನೂ ಬಾಯಿಪಾಠ ಮಾಡಿದ್ದೆ. ನಾಣ್ಯಗಳಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳನ್ನು ಕಂಡ ಕಣ್ಣಿಗೆ ಮನುಷ್ಯರನ್ನು ಅಳೆಯಲು ಮೂರು ಮಾದರಿ ಸಾಕಾಯಿತಲ್ಲ ಎಂದು ಅಂದು ವಿದ್ಯಾರ್ಥಿಯೊಡನೆ ನಗೆಯಾಡಿದೆ. ನನ್ನ ಮೂರು ಗುಂಪುಗಳು ಆಗ ನೆನಪಿಗೆ ಬರಲಿಲ್ಲ.

ಅವನು ಹೋದ ಮೇಲೆ ಭೂತಗನ್ನಡಿ ಹಿಡಿದು ನನ್ನ ಏಳು ಆನೆಗಳನ್ನು ಸಾಲಾಗಿ ಕೂರಿಸಿದೆ. ಅಚ್ಚಿನ ಕೆಲಸ ಹೇಗೆಂಬುದನ್ನು ತಿಳಿದರೆ ನೋಡುವ ಕ್ರಮವೇ ಬದಲಾಗುತ್ತದೆ. ಆ ಕಾಲದಲ್ಲಿ ಒಂದು ಅಚ್ಚನ್ನು ಕೆಳಗೆ ಅಡಿಗಲ್ಲಿನಂತೆ ಭದ್ರವಾಗಿ ಕೂರಿಸಿ, ಅದರ ಮೇಲೆ ತಾಮ್ರದ ಬಿಲ್ಲೆಯನ್ನಿಟ್ಟು, ಇನ್ನೊಂದು ಅಚ್ಚನ್ನು ಮೇಲಿನಿಂದ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಪೆಟ್ಟು ನೇರವಾಗಿ ತಿನ್ನುವ ಮೇಲಿನ ಅಚ್ಚು ಬೇಗ ಸವೆಯುತ್ತದೆ, ಬಿರುಕು ಬಿಡುತ್ತದೆ. ಅಚ್ಚಿನ ಬಿರುಕು ನಾಣ್ಯದ ಮೇಲೆ ಉಬ್ಬಿದ ಗೆರೆಯಾಗಿ ಮೂಡುತ್ತದೆ. ಗೆರೆ ಉದ್ದವಾಗುತ್ತಾ ಹೋದರೆ ಯಾವ ನಾಣ್ಯ ಮೊದಲು, ಯಾವುದು ನಂತರ ಎಂದು ಹೇಳಬಹುದು. ಅಚ್ಚು ಕೆಟ್ಟಾಗ ಕೆತ್ತುವವನು ಇನ್ನೊಂದು ಆನೆಯನ್ನು ಕೈಯಿಂದಲೇ ಕೆತ್ತಬೇಕು. ಕೈಯಿಂದ ಕೆತ್ತಿದ ಎರಡು ಆನೆಗಳು ಒಂದೇ ಆಗಿರಲು ಸಾಧ್ಯವಿಲ್ಲ.

ಸೊಂಡಿಲ ತುದಿ ಯಾವ ಚುಕ್ಕಿಯ ಎದುರಿಗಿದೆ, ಮುಂಗಾಲು ಎಷ್ಟು ಬಾಗಿದೆ, ಅಂಕಿಗಳು ಬೆನ್ನಿನಿಂದ ಎಷ್ಟು ದೂರ ಎಂದು ನೋಡುತ್ತಾ ಹೋದೆ. 'ಒಂದೇ' ಎಂದು ಮೂವತ್ತು ವರ್ಷ ಹೇಳಿಕೊಂಡು ಬಂದಿದ್ದ ಏಳು ನಾಣ್ಯಗಳು ಐದು ಬೇರೆ ಬೇರೆ ಅಚ್ಚುಗಳವು. ಎರಡರ ಮುಖ ಎಡಕ್ಕೆ, ಐದರದು ಬಲಕ್ಕೆ. ಅಷ್ಟು ದೊಡ್ಡ ವ್ಯತ್ಯಾಸವನ್ನೂ ನಾನು ಮಕ್ಕಳಿಗೆ ಎಂದೂ ತೋರಿಸಿರಲಿಲ್ಲ. ಏಳೂ ಆನೆಗಳಲ್ಲಿ ಸಮಾನವಾದದ್ದು ಒಂದೇ: ಎಲ್ಲವುಗಳ ಬಾಲ ಕೆಳಗೆ ಇಳಿಬಿದ್ದಿತ್ತು.

ಬಾಲ. ಆ ಪದದ ಬಳಿ ಏನೋ ತಡೆಯಿತು. ಎಲ್ಲಿಯೋ ಕೇಳಿದ ಮಾತು. ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆಯ ಪಾಠಟಿಪ್ಪಣಿ ಪುಸ್ತಕಗಳಿದ್ದವು. 1995ರ ಪುಸ್ತಕದೊಳಗೆ ದಾರ ಕಟ್ಟಿಟ್ಟಿದ್ದ ಆ ಪೆನ್ಸಿಲ್ ಚಿತ್ರಗಳ ಕಟ್ಟು ಹಾಗೆಯೇ ಇತ್ತು. ನಾನು ಅದನ್ನು ಅಂದು ಬಿಚ್ಚಿಯೂ ನೋಡಿರಲಿಲ್ಲ. ಒಂದೊಂದಾಗಿ ತಿರುವಿದೆ. ನಡುವೆ ಒಂದು ಹಾಳೆಯಲ್ಲಿ ಬಾಲವನ್ನು ಬೆನ್ನಿನ ಮೇಲಕ್ಕೆ ಕೊಕ್ಕೆಯಂತೆ ಎತ್ತಿದ ಆನೆ. ಮೂಲೆಯಲ್ಲಿ ಅಂಕುಡೊಂಕು ಅಕ್ಷರದಲ್ಲಿ ಅವನ ಹೆಸರು, ಹಾಜರಿ ಸಂಖ್ಯೆ.

ಆ ನಾಣ್ಯ ಅಪರೂಪದ್ದೋ ಸಾಧಾರಣದ್ದೋ, ನನಗೆ ಅದು ಮುಖ್ಯವಲ್ಲ. ಸವೆದ ಆನೆ ಪೈಸೆಗೆ ದೊಡ್ಡ ಬೆಲೆಯೇನೂ ಇಲ್ಲ. ನನ್ನನ್ನು ಕಾಡಿದ್ದು ಬೇರೆ. ಐವತ್ತು ಮಕ್ಕಳಲ್ಲಿ ನಿಜವಾಗಿ ನಾಣ್ಯವನ್ನು ನೋಡಿದವನು ಅವನೊಬ್ಬ. ವಿದ್ವಾಂಸರು ಭೂತಗನ್ನಡಿ ಹಿಡಿದು ಮಾಡುವ ಕೆಲಸವನ್ನು ಹದಿನಾಲ್ಕರ ಹುಡುಗ ಬರಿಗಣ್ಣಿನಲ್ಲಿ ಮಾಡಿ, ಎರಡೇ ಮಾತಿನಲ್ಲಿ ಸರಿಯಾಗಿ ವಿವರಿಸಿದ್ದ. ಅವನಿಗೆ ನಾನು "ಎಲ್ಲಾ ಒಂದೇ" ಎಂದು ಪಾಠ ಹೇಳಿದ್ದೆ.

ಅವನನ್ನು ಹುಡುಕುವುದು ಕಷ್ಟವಾಗಲಿಲ್ಲ. ಕಂಪ್ಲಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಭತ್ತದ ಗದ್ದೆಗಳ ಪಂಪುಗಳೆಲ್ಲ ಸುಟ್ಟರೆ ಬರುವುದು ಅವನ ಬಳಿಗೆ. ನಾನು ಹೋದಾಗ ತಾಮ್ರದ ತಂತಿಯ ಸುರುಳಿಗಳ ನಡುವೆ ಕುಳಿತಿದ್ದ. ಎರಡು ತಂತಿಗಳನ್ನು ಬೆರಳಲ್ಲಿ ಹೊರಳಿಸಿ, ಯಾವುದು ಕೂದಲೆಳೆಯಷ್ಟು ದಪ್ಪವೆಂದು ಹುಡುಗನಿಗೆ ಹೇಳಿಕೊಡುತ್ತಿದ್ದ. ನನ್ನನ್ನು ಕಂಡು ಎದ್ದು, ಕೈ ಒರೆಸಿಕೊಂಡು, ಸ್ಟೂಲು ಹಾಕಿ, ಚಹಾ ತರಿಸಿದ. ನಾನು ಹಾಳೆಯನ್ನು ಅವನ ಮುಂದಿಟ್ಟೆ.

ಅವನು ಬಹಳ ಹೊತ್ತು ನೋಡಿದ. ಅನಂತರ ಎಣ್ಣೆ ತಾಗದಂತೆ ಕಿರುಬೆರಳಿನಿಂದ ಆ ಬಾಲದ ಗೆರೆಯನ್ನು ತೋರಿಸಿದ.

"ಹೌದ್ರಿ ಸಾರ್. ಮ್ಯಾಲೇ ಇತ್ತಲ್ರಿ."

"ನೀನು ಹೇಳಿದ್ದು ಸರಿ ಇತ್ತಪ್ಪಾ. ನಾನು ನೋಡಲಿಲ್ಲ" ಎಂದೆ. ನಾಣ್ಯ ಏನಾಯಿತೆಂದು ಕೇಳಿದೆ. "ಅದನ್ನ ಅವ್ವ ಗುಜರಿಗೆ ಹಾಕಿದ್ಲ್ರಿ, ಹಳೇ ತಾಮ್ರದ ಜೋಡಿ. ನೀವ ಬ್ಯಾಡಂದ್ರಲ್ಲ" ಎಂದ. ಅದರಲ್ಲಿ ದೂರಿನ ದನಿ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಹಾಳೆಯನ್ನು ಅವನಿಗೇ ಕೊಡಲು ಹೋದೆ. ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡು ಮರಳಿ ಕೊಟ್ಟ. "ಇಲ್ಲಿದ್ರ ಎಣ್ಣಿ ಹತ್ತತೈತ್ರಿ. ನಿಮ್ಮ ಡಬ್ಬ್ಯಾಗ ಇರ್ಲಿ ಬಿಡ್ರಿ."

ಈಗ ಡಬ್ಬಿಯಲ್ಲಿ ಏಳು ಚೀಲಗಳ ಜೊತೆಗೆ ಎಂಟನೆಯ ಚೀಲವೊಂದಿದೆ. ಅದರಲ್ಲಿ ಮಡಿಸಿದ ಕಾಗದ ಮಾತ್ರ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಅಜ್ಜಿಯರ ಪೆಟ್ಟಿಗೆಯಲ್ಲಿ, ದೇವರ ಜಗಲಿಯಲ್ಲಿ ಇಂತಹ ದುಡ್ಡುಗಳಿದ್ದರೆ ಹುಣಸೆಹುಳಿ ಹಾಕಿ ಉಜ್ಜಬೇಡಿ, ತೂಕಕ್ಕೂ ಹಾಕಬೇಡಿ. ಎರಡೂ ಬದಿಯ ಚಿತ್ರ ತೆಗೆದು, ಯಾವ ಊರಿನದು, ಯಾರಿಂದ ಬಂದದ್ದು ಎಂದು ಬರೆದಿಡಿ. ಹೊಲದಲ್ಲಿ ನಿಧಿಯಂತೆ ಒಟ್ಟಿಗೆ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕಾದದ್ದು ಕಾನೂನು. 1972ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ನಾಣ್ಯವನ್ನು ದೇಶದ ಹೊರಗೆ ಕಳುಹಿಸುವಂತಿಲ್ಲವೆಂಬುದನ್ನು ವಿದೇಶದಲ್ಲಿರುವ ಮಕ್ಕಳು ನೆನಪಿಡಿ. ವಿಜಯನಗರದ ನಿಜವಾದ ನಾಣ್ಯಗಳನ್ನು ನೋಡಬೇಕೆಂದರೆ ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಹೋಗಿ.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಏನನ್ನಾದರೂ ತಂದು "ಇದು ಬ್ಯಾರೆ ಐತಿ" ಎಂದರೆ, ಕನ್ನಡಕ ಹಾಕಿಕೊಂಡು ಒಮ್ಮೆ ನೋಡಿ.